ಪುಂಡರು ಅನ್ನಿಸಿಕೊಂಡ ನಮ್ಮ ಮಕ್ಕಳು

(ವಿದ್ಯಾರ್ಥಿನಿಲಯದ ಹುಡುಗರು, ಅವರ ತಂದೆತಾಯಿಗಳು ಮತ್ತು ಶಿಕ್ಷಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಭೂಮಿಯ ಬಗ್ಗೆ, ಕೂಲಿಯ ಬಗ್ಗೆ, ಮೀಸಲಾತಿಯ ಬಗ್ಗೆ ಮಾತಾಡುವವರು ಈ ವೇದಿಕೆಯಲ್ಲಿ ಬೇರೆ ಇದ್ದಾರೆ. ನಾನು ಮಾತಾಡಬೇಕು ಅಂದುಕೊಂಡಿರೋದು ಒಬ್ಬ ಹುಡುಗನ ಬಗ್ಗೆ. ಈ ಹುಡುಗ ನಿಮಗೆಲ್ಲ ಗೊತ್ತು. ಎಲ್ಲ ಕೇರಿಯಲ್ಲೂ ಇದಾನೆ, ಎಲ್ಲ ಹಾಸ್ಟೆಲಿನಲ್ಲೂ ಇದಾನೆ. ಮುಟ್ಟಿದರೆ ಸಿಡೀತಾನೆ. ಮೇಷ್ಟ್ರು ಒಂದು ಅಂದರೆ ಎರಡು ಅಂತಾನೆ. ಊಟದ ಸಾಲಿನಲ್ಲಿ ಹಿಂದಿನವನ ಮೊಣಕೈ ತಾಗಿದರೆ ತಟ್ಟೆ ಎಸೆದು ಕೈ ಎತ್ತುತ್ತಾನೆ. ಊರು ಅವನಿಗೆ ಹೆಸರಿಟ್ಟಾಗಿದೆ. ಪುಂಡ, ಪೋಕರಿ, ಉಡಾಳ. ಹೆಣ್ಣುಮಗಳಾದರೆ ಬಜಾರಿ, ಗಂಡುಬೀರಿ. ನಮ್ಮ ಮಗುವಾದರೆ ಇನ್ನೊಂದು ಮಾತೂ ಅದಕ್ಕೆ ಅಂಟಿಕೊಳ್ಳುತ್ತೆ: "ಆ ಜನವೇ ಹಂಗೆ."

ಆ ಹುಡುಗನ ಕೈ ಮೇಲೇಳೋದಕ್ಕೆ ಮುಂಚೆ ಒಂದು ಕ್ಷಣ ಇರುತ್ತಲ್ಲ, ಆ ಕ್ಷಣದಲ್ಲಿ ಅವನ ತಲೆಯೊಳಗೆ ಏನು ನಡೆಯುತ್ತೆ? ನಾನು ಡಾಕ್ಟರಲ್ಲ, ಪಾಠ ಹೇಳುವವನು. ಆದರೆ ಈ ಒಂದು ಕ್ಷಣವನ್ನು ಹಿಡಿದು ನಲವತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿದವರಿದ್ದಾರೆ. ಅವರು ಕಂಡುಕೊಂಡಿದ್ದು ನಮಗೆ ಬೇಕಾದದ್ದು. ಅದನ್ನು ನಿಮ್ಮ ಮುಂದೆ ಇಡ್ತೀನಿ.

ಹೆಸರಿಡುವ ಕೆಲಸ

ಮೊದಲು ಹೆಸರಿನ ವಿಚಾರ. ಅಮೆರಿಕದ ಮನೋವೈದ್ಯರ ಸಂಘ ಕಾಯಿಲೆಗಳ ಒಂದು ಕೈಪಿಡಿ ಮಾಡಿದೆ. ನಮ್ಮ ದೇಶದ ಡಾಕ್ಟರುಗಳೂ ಅದನ್ನು ನೋಡುತ್ತಾರೆ. 1980ರಲ್ಲಿ ಬಂದ ಅದರ ಮೂರನೇ ಆವೃತ್ತಿಯಲ್ಲಿ 'ಕಂಡಕ್ಟ್ ಡಿಸಾರ್ಡರ್' ಅನ್ನುವ ಹೆಸರು ಸೇರಿತು. ನಡವಳಿಕೆಯ ಕಾಯಿಲೆ ಅಂತ ಇಟ್ಟುಕೊಳ್ಳೋಣ. ಹೊಡೆದಾಟ, ಹೆದರಿಸೋದು, ಪ್ರಾಣಿಗಳಿಗೆ ಹಿಂಸೆ, ಬೆಂಕಿ ಹಚ್ಚೋದು, ಕಳವು, ಸುಳ್ಳು, ಮನೆ ಬಿಟ್ಟು ಓಡೋದು, ಸ್ಕೂಲಿಗೆ ಚಕ್ಕರ್ ಹೊಡೆಯೋದು, ಹೀಗೆ 15 ಲಕ್ಷಣ ಇವೆ. 2013ರ ಐದನೇ ಆವೃತ್ತಿ ಪ್ರಕಾರ ಒಂದು ವರ್ಷದೊಳಗೆ ಕೊನೇಪಕ್ಷ 3 ಲಕ್ಷಣ ಕಾಣಬೇಕು, ಅದರಲ್ಲಿ ಒಂದಾದರೂ ಕಳೆದ 6 ತಿಂಗಳಲ್ಲಿ ಕಂಡಿರಬೇಕು. ಇದಕ್ಕಿಂತ ಸೌಮ್ಯವಾದ ಇನ್ನೊಂದಿದೆ. ಸದಾ ಸಿಡಿಮಿಡಿ, ಹಿರಿಯರ ಮಾತಿಗೆ ಎದುರು, ಹಗೆ ಇಟ್ಟುಕೊಳ್ಳೋದು. ಅದು 6 ತಿಂಗಳಾದರೂ ಬಿಡದೆ ಇದ್ದರೆ 'ಅಪೊಸಿಷನಲ್ ಡಿಫಯಂಟ್ ಡಿಸಾರ್ಡರ್' ಅಂತಾರೆ.

ಈ ಪಟ್ಟಿ ಕೇಳಿದ ಕೂಡಲೇ ನಿಮ್ಮಲ್ಲಿ ಕೆಲವರ ಹುಬ್ಬು ಗಂಟಾಗಿದ್ದು ನನಗೆ ಕಾಣಿಸ್ತಾ ಇದೆ. ಗಂಟಾಗಬೇಕಾದದ್ದೇ. ಹೆಸರಿಡುವವರ ಕೈಯಲ್ಲಿ ನಾವು ಸಾಕಷ್ಟು ಅನುಭವಿಸಿದ್ದೇವೆ. 1871ರಲ್ಲಿ ಬ್ರಿಟಿಷ್ ಸರ್ಕಾರ ಒಂದು ಕಾಯಿದೆ ತಂದು ಇಡೀ ಇಡೀ ಸಮುದಾಯಗಳನ್ನೇ ಹುಟ್ಟಾ ಅಪರಾಧಿಗಳು ಅಂತ ಬರೆದುಕೊಂಡಿತು. ನಮ್ಮ ಕಡೆಯ ಕೊರಚರೂ ಆ ಪಟ್ಟಿಗೆ ಬಿದ್ದರು. ತಾಯಿ ಹೊಟ್ಟೆಯಲ್ಲಿರುವ ಕೂಸಿಗೂ ಕಳ್ಳ ಅಂತ ಹೆಸರು. ಅದನ್ನು ಅಳಿಸೋದಕ್ಕೆ 1952 ಬರಬೇಕಾಯ್ತು. ಅಳಿಸಿದ ಮೇಲೂ ಪೊಲೀಸರ ಕಣ್ಣಿಂದ ಅದು ಪೂರ್ತಿ ಅಳಿಸಿಲ್ಲ. ಅಮೆರಿಕದಲ್ಲಿ 1851ರಲ್ಲಿ ಕಾರ್ಟ್‌ರೈಟ್ ಅನ್ನುವ ಡಾಕ್ಟರು, ತೋಟದ ಒಡೆಯರಿಂದ ತಪ್ಪಿಸಿಕೊಂಡು ಓಡುವ ಕರಿಯ ಗುಲಾಮರಿಗೆ ಒಂದು ಕಾಯಿಲೆ ಇದೆ ಅಂತ ಬರೆದು, ಆ ಕಾಯಿಲೆಗೆ 'ಡ್ರಾಪೆಟೋಮೇನಿಯಾ' ಅಂತ ಹೆಸರಿಟ್ಟ. ಕಾಯಿಲೆ ಯಾವುದಪ್ಪಾ ಅಂದರೆ ಬಿಡುಗಡೆಯ ಆಸೆ!

ಆದ್ದರಿಂದ ಯಾರಾದರೂ ನಮ್ಮ ಮಗುವಿಗೆ ನಡವಳಿಕೆಯ ಕಾಯಿಲೆ ಅಂದರೆ, ತಡೀರಿ, ಯಾರು ಹೇಳ್ತಿದಾರೆ, ಯಾಕೆ ಹೇಳ್ತಿದಾರೆ ಅಂತ ಕೇಳೋ ಹಕ್ಕು ನಮಗಿದೆ. ಆ ಕೈಪಿಡಿಯ 1994ರ ಆವೃತ್ತಿಯೇ ಒಂದು ಎಚ್ಚರಿಕೆ ಕೊಟ್ಟಿತ್ತು. ಮಗುವಿನ ಒಳಗೇ ಏನೋ ಕೆಟ್ಟಿದ್ದರೆ ಮಾತ್ರ ಈ ಹೆಸರು ಹಾಕಬೇಕು, ಸುತ್ತಲಿನ ಪರಿಸ್ಥಿತಿಗೆ ಅದು ಕೊಟ್ಟ ಉತ್ತರ ಅಷ್ಟೇ ಆಗಿದ್ದರೆ ಹಾಕಬಾರದು ಅಂತ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಆದರೆ ಇನ್ನೊಂದು ಮಾತನ್ನೂ ನೆನಪಿಡಬೇಕು. ಹೆಸರು ಸುಳ್ಳಿರಬಹುದು, ಸಂಕಟ ಸುಳ್ಳಲ್ಲ. ದಿನಾ ಹೊಡೆದಾಡುವ ಹುಡುಗ ಸುಖವಾಗಿ ಇದಾನೆ ಅಂತ ಯಾರಾದರೂ ಹೇಳ್ತೀರಾ? ಅವನಿಗೆ ಗೆಳೆಯರಿಲ್ಲ. ಸ್ಕೂಲು ಅವನನ್ನು ಹೊರಗೆ ನಿಲ್ಲಿಸುತ್ತೆ. ಹೊರಗೆ ನಿಂತವನನ್ನು ಬೀದಿ ಒಳಗೆ ಕರೆಯುತ್ತೆ. ಬೀದಿಯಿಂದ ಠಾಣೆಗೆ ಎಷ್ಟು ದೂರ? ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆ ಪ್ರಕಾರ 16ರಿಂದ 18 ವಯಸ್ಸಿನೊಳಗಿನ ಹುಡುಗ ಘೋರ ಅಪರಾಧದ ಆರೋಪದಲ್ಲಿ ಸಿಕ್ಕರೆ, ಅವನ ಮನಸ್ಸಿನ ಶಕ್ತಿ ಎಷ್ಟು, ಮಾಡಿದ್ದರ ಪರಿಣಾಮ ಅವನಿಗೆ ಗೊತ್ತಿತ್ತಾ ಅಂತ ಬಾಲನ್ಯಾಯ ಮಂಡಳಿ ನೋಡುತ್ತೆ. ನೋಡಿ, ಅವನನ್ನು ದೊಡ್ಡವನ ಹಾಗೆಯೇ ವಿಚಾರಣೆ ಮಾಡಿ ಅಂತ ಕೋರ್ಟಿಗೆ ಕಳಿಸಬಹುದು. ಅವನು ಹೇಗೆ ಯೋಚಿಸುತ್ತಾನೆ ಅನ್ನೋ ಪ್ರಶ್ನೆಯನ್ನು ಮೊಟ್ಟಮೊದಲ ಸಲ ಅಲ್ಲಿ ಕೇಳುವಂತೆ ಆಗಬಾರದು. ಹತ್ತು ವರ್ಷ ಮುಂಚೆಯೇ ಕೇಳಬೇಕು, ನಾವೇ ಕೇಳಬೇಕು.

ಆ ಒಂದು ಕ್ಷಣ

ಕೆನೆತ್ ಡಾಡ್ಜ್ ಅಂತ ಅಮೆರಿಕದ ಒಬ್ಬ ಮನಶ್ಶಾಸ್ತ್ರಜ್ಞ. ಅವನು 1980ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ. ಎರಡು, ನಾಲ್ಕು, ಆರನೇ ಕ್ಲಾಸಿನ ಹುಡುಗರನ್ನು ತೆಗೆದುಕೊಂಡ. ಕೆಲವರು ಜಗಳಗಂಟರು ಅನ್ನಿಸಿಕೊಂಡವರು, ಕೆಲವರು ಅಲ್ಲ. ಒಬ್ಬೊಬ್ಬನ ಕೈಯಲ್ಲೂ ಚೂರು ಚೂರು ಸೇರಿಸಿ ಚಿತ್ರ ಜೋಡಿಸೋ ಆಟ ಆಡಿಸಿದ. ಅರ್ಧ ಜೋಡಿಸಿದ ಮೇಲೆ ಇನ್ನೊಬ್ಬ ಹುಡುಗ ಅದನ್ನು ಕೆಡಿಸಿದ ಅನ್ನುವ ಹಾಗೆ ಮಾಡಿದ. ಕೆಲವರಿಗೆ, ಅವನು ಬೇಕಂತಲೇ ಕೆಡಿಸಿದ ಅನ್ನೋದು ಚೆನ್ನಾಗಿ ಗೊತ್ತಾಗುವ ಹಾಗೆ. ಕೆಲವರಿಗೆ, ಪಾಪ, ಸಹಾಯ ಮಾಡೋಕೆ ಹೋಗಿ ಕೆಟ್ಟಿತು ಅನ್ನುವ ಹಾಗೆ. ಇನ್ನು ಕೆಲವರಿಗೆ, ಬೇಕಂತಲೋ ಅಕಸ್ಮಾತ್ತೋ ಗೊತ್ತೇ ಆಗದ ಹಾಗೆ.

ಏನಾಯ್ತು? ಬೇಕಂತಲೇ ಕೆಡಿಸಿದ ಅಂತ ಗೊತ್ತಾದಾಗ ಎಲ್ಲ ಹುಡುಗರಿಗೂ ಸಿಟ್ಟು ಬಂತು. ಸಹಾಯಕ್ಕೆ ಬಂದು ಕೆಟ್ಟಿತು ಅಂತ ಗೊತ್ತಾದಾಗ ಎಲ್ಲರೂ ಸುಮ್ಮನಾದರು, ಜಗಳಗಂಟರೂ ಸುಮ್ಮನಾದರು. ಇದನ್ನು ಗಮನಿಸಿ. ಸ್ಪಷ್ಟವಾಗಿ ಇದ್ದ ಕಡೆ ಇಬ್ಬರಿಗೂ ವ್ಯತ್ಯಾಸವೇ ಇಲ್ಲ. ವ್ಯತ್ಯಾಸ ಬಂದಿದ್ದು ಎಲ್ಲಿ? ಗೊತ್ತಾಗದ ಕಡೆ. ಅಲ್ಲಿ ಬೇರೆ ಹುಡುಗರು 'ಇರಲಿ ಬಿಡು' ಅಂದುಕೊಂಡರು. ಜಗಳಗಂಟ ಹುಡುಗರು 'ಬೇಕಂತಲೇ ಮಾಡಿದ' ಅಂದುಕೊಂಡರು.

ಅಂದರೆ ಆ ಹುಡುಗನ ರಕ್ತ ಕೆಟ್ಟಿಲ್ಲ. ನಿಯತ್ತು ಕೆಟ್ಟಿಲ್ಲ. ಮಬ್ಬು ಬೆಳಕಿನಲ್ಲಿ ಅವನಿಗೆ ಹಗ್ಗ ಹಾವಾಗಿ ಕಾಣುತ್ತೆ. ಅಷ್ಟೇ. ಹಾವು ಅಂತ ಕಂಡ ಮೇಲೆ ಅವನು ದೊಣ್ಣೆ ಎತ್ತೋದರಲ್ಲಿ ಆಶ್ಚರ್ಯ ಏನಿದೆ?

1994ರಲ್ಲಿ ಡಾಡ್ಜ್ ಮತ್ತು ನಿಕ್ಕಿ ಕ್ರಿಕ್ ಸೇರಿ ಆ ಕ್ಷಣವನ್ನು ಆರು ಮೆಟ್ಟಿಲಾಗಿ ಬಿಡಿಸಿ ಬರೆದರು. ಒಂದು, ಏನು ಕಣ್ಣಿಗೆ ಬಿತ್ತು. ಎರಡು, ಅದಕ್ಕೆ ಏನು ಅರ್ಥ ಹಚ್ಚಿದೆ. ಮೂರು, ಈಗ ನನಗೆ ಏನು ಬೇಕು, ಗೆಲ್ಲಬೇಕಾ, ಗೆಳೆತನ ಬೇಕಾ. ನಾಲ್ಕು, ಏನೇನು ಮಾಡಬಹುದು. ಐದು, ಯಾವುದು ಮಾಡಿದರೆ ಏನಾಗುತ್ತೆ. ಆರು, ಮಾಡೋದು. ಕಣ್ಣು ಮಿಟುಕಿಸೋದರಲ್ಲಿ ನಾವೆಲ್ಲ ಈ ಆರು ಮೆಟ್ಟಿಲು ಹತ್ತುತ್ತೇವೆ. ನಮ್ಮ ಹುಡುಗ ಮೊದಲ ಮೆಟ್ಟಿಲಿನಿಂದ ನೇರ ಆರನೆಯದಕ್ಕೆ ಹಾರುತ್ತಾನೆ. ನಾಲ್ಕನೇ ಮೆಟ್ಟಿಲಲ್ಲಿ ನಿಲ್ಲಿಸಿ ಕೇಳಿದರೆ ಅವನ ಚೀಲದಲ್ಲಿ ಒಂದೇ ಉಪಾಯ ಇರುತ್ತೆ.

ಕಣ್ಣು ಹಂಗೆ ಕಲಿತಿದ್ದು ಎಲ್ಲಿ

ಈ ಕಣ್ಣು ಹುಟ್ಟುವಾಗಲೇ ಬರುತ್ತಾ? 1990ರಲ್ಲಿ ಡಾಡ್ಜ್, ಬೇಟ್ಸ್, ಪೆಟಿಟ್ ಮೂವರು ಸೇರಿ, ಎಳವೆಯಲ್ಲೇ ಮನೆಯಲ್ಲಿ ಏಟು ತಿಂದ ಮಕ್ಕಳನ್ನು ಗಮನಿಸಿದ ವಿವರ ಪ್ರಕಟಿಸಿದರು. ಏಟು ತಿಂದ ಮಕ್ಕಳು ಬೇರೆಯವರ ಮನಸ್ಸನ್ನು ಓದುವ ರೀತಿಯೇ ಬದಲಾಗಿತ್ತು. ಆ ಓದುವ ರೀತಿ ಮುಂದೆ ಸ್ಕೂಲಿನಲ್ಲಿ ಹೊಡೆದಾಟವಾಗಿ ಹೊರಬಂತು. ಸೇತ್ ಪೊಲಾಕ್ ಅನ್ನುವ ಇನ್ನೊಬ್ಬ ಸಂಶೋಧಕ 2002ರಲ್ಲಿ ಮಸುಕಾದ ಮುಖದ ಚಿತ್ರಗಳನ್ನು ಸ್ವಲ್ಪ ಸ್ವಲ್ಪವೇ ಸ್ಪಷ್ಟ ಮಾಡುತ್ತಾ ಮಕ್ಕಳಿಗೆ ತೋರಿಸಿದ. ಏಟು ತಿಂದು ಬೆಳೆದ ಮಕ್ಕಳು ಚಿತ್ರ ಇನ್ನೂ ಮಸುಕಾಗಿರುವಾಗಲೇ 'ಇದು ಸಿಟ್ಟಿನ ಮುಖ' ಅಂತ ಸರಿಯಾಗಿ ಹೇಳಿಬಿಟ್ಟರು. ಬೇರೆ ಮಕ್ಕಳಿಗೆ ಅದು ಗೊತ್ತಾಗಬೇಕಾದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗಬೇಕಿತ್ತು.

ಇದು ದಡ್ಡತನ ಅಲ್ಲ. ಜಾಣತನ. ಕುಡಿದು ಬರುವ ಅಪ್ಪನ ಹೆಜ್ಜೆ ಸದ್ದಿನಲ್ಲೇ ಇವತ್ತು ಏಟು ಬೀಳುತ್ತೋ ಇಲ್ಲವೋ ಅಂತ ಮಗು ಲೆಕ್ಕ ಹಾಕಬೇಕಾಗುತ್ತೆ. ಯಜಮಾನನ ಹುಬ್ಬು ನೋಡಿ ನಮ್ಮ ಹಿರಿಯರು ಬದುಕಿದರು. ಮುಖದಲ್ಲಿ ಸಿಟ್ಟು ಮೊಳಕೆಯಲ್ಲೇ ಕಾಣದಿದ್ದರೆ ಬೆನ್ನು ಉಳಿಯುತ್ತಿರಲಿಲ್ಲ. ಬದುಕಿಸಿದ ಅದೇ ಕಣ್ಣು ಈಗ ತರಗತಿಯಲ್ಲಿ, ಆಟದ ಬಯಲಿನಲ್ಲಿ, ಯಾರೂ ಹೊಡೆಯೋದಕ್ಕೆ ಬರದ ಕಡೆಯಲ್ಲೂ ಕೆಲಸ ನಿಲ್ಲಿಸೋದಿಲ್ಲ.

ಎಲ್ಲ ಮಕ್ಕಳೂ ಒಂದೇ ಥರ ಅಂತ ತಿಳೀಬೇಡಿ. ಏಟಲ್ಲ, ಯಾರೂ ಕೇಳುವವರೇ ಇಲ್ಲದೆ ಬೆಳೆದ ಮಕ್ಕಳಿಗೆ ಒಂದು ಭಾವಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಗುರುತಿಸೋದೇ ಕಷ್ಟವಾಗುತ್ತೆ ಅಂತ ಪೊಲಾಕ್ ತಂಡ 2000ದಲ್ಲಿ ತೋರಿಸಿತು. ಇನ್ನು ಕೆಲವರು ಮಕ್ಕಳು ಎದುರಿಗಿರುವವರ ಹೆದರಿಕೆಯನ್ನೇ ಕಾಣೋದಿಲ್ಲ. ಅವರಿಗೆ ಕನಿಕರವೇ ಇಲ್ಲ, ಕಲ್ಲು ಮನಸ್ಸು ಅಂತೇವೆ. 2006ರಲ್ಲಿ ಆಸ್ಟ್ರೇಲಿಯಾದ ಮಾರ್ಕ್ ಡ್ಯಾಡ್ಸ್ ಅಂಥ ಮಕ್ಕಳಿಗೆ ಒಂದೇ ಒಂದು ಮಾತು ಹೇಳಿದ: 'ಕಣ್ಣು ನೋಡು.' ಚಿತ್ರದಲ್ಲಿರುವವರ ಕಣ್ಣು ನೋಡು ಅಂದ ಕೂಡಲೇ ಅವರೂ ಹೆದರಿಕೆಯನ್ನು ಗುರುತಿಸಿದರು. ಅದು ಆ ಹೊತ್ತಿನ ಮಟ್ಟಿಗೆ ಮಾತ್ರ ನಿಜ. ಆದರೂ ಕಲ್ಲು ಅಂದುಕೊಂಡ ಕಡೆ ನೋಡುವ ಅಭ್ಯಾಸದ ಕೊರತೆಯೂ ಇತ್ತು ಅನ್ನೋದು ಸಣ್ಣ ವಿಷಯವಲ್ಲ.

ತಪ್ಪು ಓದುವವರು ಮಕ್ಕಳೊಬ್ಬರೇ ಅಲ್ಲ

ಇಲ್ಲಿ ಮೇಷ್ಟ್ರುಗಳು ಸ್ವಲ್ಪ ಕಿವಿಗೊಡಬೇಕು. ಮಗು ನಮ್ಮ ಮುಖ ಓದುವ ಹಾಗೆ ನಾವೂ ಮಗುವಿನ ಮುಖ ಓದುತ್ತೇವೆ. ಅಮೆರಿಕದಲ್ಲಿ ಶಿಕ್ಷಕರಾಗಲು ತರಬೇತಿ ಪಡೆಯುತ್ತಿದ್ದವರಿಗೆ ಮಕ್ಕಳ ಮುಖಗಳನ್ನು ತೋರಿಸಿ ಮಾಡಿದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯ್ತು. ಸಿಟ್ಟೇ ಇಲ್ಲದ ಮುಖದಲ್ಲೂ, ಅದು ಕರಿಯ ಮಗುವಿನ ಮುಖವಾದರೆ, ಅವರು ಸಿಟ್ಟು ಕಾಣುವುದು ಹೆಚ್ಚು. ಈ ಕಣ್ಣಿಗೆ ಬೆಲೆ ತೆರುವವರು ಯಾರು? ಆ ದೇಶದ ಶಿಕ್ಷಣ ಇಲಾಖೆಯದೇ 2011-12ರ ಲೆಕ್ಕ ನೋಡಿ. ಶಿಶುವಿಹಾರಕ್ಕೆ ಬರುವ ಮಕ್ಕಳಲ್ಲಿ ಕರಿಯ ಮಕ್ಕಳು ನೂರಕ್ಕೆ 18. ಒಂದಕ್ಕಿಂತ ಹೆಚ್ಚು ಸಲ ಹೊರಗೆ ಹಾಕಿಸಿಕೊಂಡವರಲ್ಲಿ ಅವರು ನೂರಕ್ಕೆ 48. ನಾಲ್ಕು ವರ್ಷದ ಕೂಸನ್ನು ಹೊರಗೆ ಹಾಕುವಂಥ ಪುಂಡತನ ಯಾವುದು, ನೀವೇ ಹೇಳಿ.

ಅದು ಅಮೆರಿಕ, ಇಲ್ಲಿ ಹಂಗಿಲ್ಲ ಅನ್ನುವವರಿಗೆ ಉತ್ತರ ಪ್ರದೇಶದ ಹಳ್ಳಿಯಲ್ಲಿ ನಡೆದದ್ದನ್ನು ಹೇಳ್ತೀನಿ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಆರು, ಏಳನೇ ಕ್ಲಾಸಿನ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟು ಕೊಟ್ಟು ನೋಡಿದರು. 2006ರಲ್ಲಿ ಅದರ ಫಲಿತಾಂಶ ಬಂತು. ಯಾರ ಜಾತಿಯನ್ನೂ ಹೇಳದೆ ಕೂರಿಸಿದಾಗ ಕೆಳಜಾತಿಯ ಹುಡುಗರೂ ಮೇಲುಜಾತಿಯ ಹುಡುಗರೂ ಸಮಸಮ. ಎಲ್ಲರೆದುರು ಹೆಸರು, ಅಪ್ಪನ ಹೆಸರು, ಜಾತಿ ಓದಿ ಹೇಳಿ ಕೂರಿಸಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಇಳಿದುಹೋಯ್ತು. ಹುಡುಗರು ಅದೇ ಥರದ ಹುಡುಗರು, ಒಗಟು ಅದೇ ಒಗಟು. ಯೋಚಿಸುವ ಶಕ್ತಿ ತಲೆಯೊಳಗೆ ಮಾತ್ರ ಇರೋದಲ್ಲ, ಸುತ್ತ ಕೂತವರ ಕಣ್ಣಿನಲ್ಲೂ ಇರುತ್ತೆ. 'ಈ ಹಾಸ್ಟೆಲ್ ಹುಡುಗರು ನಿಂತ್ಕೊಳ್ಳಿ' ಅಂತ ತರಗತಿಯಲ್ಲಿ ಕೂಗುವ ಮೇಷ್ಟ್ರು ಇದನ್ನು ಬರೆದಿಟ್ಟುಕೊಳ್ಳಲಿ.

ಮುಚ್ಚಿದ ಮುಷ್ಟಿ

ಸರಿ, ಕಲಿತದ್ದನ್ನು ಬೇರೆ ಥರ ಕಲಿಸೋಕೆ ಆಗುತ್ತಾ? ಆಗುತ್ತೆ. ಷಿಕಾಗೋ ನಗರದ ದಕ್ಷಿಣ ಮತ್ತು ಪಶ್ಚಿಮ ಭಾಗ ಅಂದರೆ ಬಡವರ ಕೇರಿ, ಹೆಚ್ಚಿನವರು ಕರಿಯರು. ಅಲ್ಲಿನ ಸ್ಕೂಲುಗಳಲ್ಲಿ 'ಬಿಕಮಿಂಗ್ ಎ ಮ್ಯಾನ್' ಅಂತ ಒಂದು ಕಾರ್ಯಕ್ರಮ ನಡೆಯುತ್ತೆ. ಯೂತ್ ಗೈಡೆನ್ಸ್ ಅನ್ನುವ ಸಂಸ್ಥೆ ನಡೆಸೋದು. ವಾರಕ್ಕೊಂದು ಸಲ, ಶಾಲೆಯ ಹೊತ್ತಿನಲ್ಲೇ, ಹುಡುಗರು ಸುತ್ತ ಕೂತು ಮಾತಾಡ್ತಾರೆ.

ಅಲ್ಲಿ ಮೊದಮೊದಲು ಆಡಿಸುವ ಒಂದು ಆಟ ಇದೆ. ಇಬ್ಬಿಬ್ಬರ ಜೋಡಿ. ಒಬ್ಬನ ಕೈಗೆ ಚೆಂಡು ಕೊಟ್ಟು ಮುಷ್ಟಿ ಕಟ್ಟು ಅಂತಾರೆ. ಇನ್ನೊಬ್ಬನಿಗೆ 30 ಸೆಕೆಂಡು ಟೈಮು, ಅವನ ಮುಷ್ಟಿಯಿಂದ ಚೆಂಡು ತಗೋಬೇಕು. ಹೆಚ್ಚುಕಡಿಮೆ ಎಲ್ಲ ಹುಡುಗರೂ ಬೆರಳು ಮುರೀತಾರೆ, ಕೈ ತಿರುಚುತ್ತಾರೆ, ನೆಲಕ್ಕೆ ಕೆಡವುತ್ತಾರೆ. ಆಟ ಮುಗಿದ ಮೇಲೆ ನಡೆಸುವವನು ಕೇಳ್ತಾನೆ: 'ಚೆಂಡು ಕೊಡಪ್ಪಾ ಅಂತ ಒಬ್ಬನಾದರೂ ಕೇಳಿದ್ರಾ?' ಹುಡುಗರು ನಗ್ತಾರೆ. 'ಕೇಳಿದ್ರೆ ಅವನು ಕೊಡ್ತಿರಲಿಲ್ಲ, ನನ್ನನ್ನ ಪುಕ್ಕಲ ಅಂದ್ಕೋತಿದ್ದ' ಅಂತಾರೆ. ಆಗ ಚೆಂಡು ಹಿಡಿದವನನ್ನು ಕೇಳಿದರೆ, 'ಕೇಳಿದ್ದರೆ ಕೊಡ್ತಿದ್ದೆ, ಅದೇನು ಬರೀ ಚೆಂಡು ತಾನೇ' ಅಂತಾನೆ.

ಅಷ್ಟೇ ಆಟ. ಯಾರೂ ಉಪದೇಶ ಮಾಡಲಿಲ್ಲ. ಎದುರಿನವನ ಮನಸ್ಸಿನಲ್ಲಿ ಇಲ್ಲದ ಹಗೆಯನ್ನು ತಾನೇ ಬರೆದು ತಾನೇ ಓದಿಕೊಂಡೆ ಅಂತ ಹುಡುಗನಿಗೆ ಗೊತ್ತಾಯ್ತು.

ಷಿಕಾಗೋದಲ್ಲಿ ಇದನ್ನು ಸುಮ್ಮನೆ ಹೊಗಳಿ ಬಿಡಲಿಲ್ಲ, ಅಳೆದು ನೋಡಿದರು. ಚೀಟಿ ಎತ್ತಿದ ಹಾಗೆ ಆರಿಸಿ, ಕೆಲವು ಹುಡುಗರನ್ನು ಕಾರ್ಯಕ್ರಮಕ್ಕೆ ಸೇರಿಸಿ, ಕೆಲವರನ್ನು ಸೇರಿಸದೆ, ಎರಡು ಗುಂಪನ್ನೂ ಹೋಲಿಸಿದರು. 2017ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಕಾರ್ಯಕ್ರಮ ನಡೆಯುವ ಕಾಲದಲ್ಲಿ ಹುಡುಗರ ಬಂಧನಗಳು ಒಟ್ಟಾರೆ ನೂರಕ್ಕೆ 28ರಿಂದ 35ರಷ್ಟು ಇಳಿದವು. ಹೊಡೆದಾಟ ಬಡಿದಾಟದ ಬಂಧನಗಳು ನೂರಕ್ಕೆ 45ರಿಂದ 50ರಷ್ಟು ಇಳಿದವು. ಬಾಲಾಪರಾಧಿಗಳ ಬಂಧನ ಕೇಂದ್ರದಲ್ಲಿ ಇದೇ ಥರದ ಕಲಿಕೆ ಕೊಟ್ಟಾಗ, ಬಿಡುಗಡೆಯಾಗಿ ಮತ್ತೆ ಅಲ್ಲಿಗೇ ಬರುವುದು ನೂರಕ್ಕೆ 21ರಷ್ಟು ಕಡಿಮೆಯಾಯ್ತು. ಇದು ಮಂತ್ರದಂಡ ಅಂತ ಹೇಳ್ತಾ ಇಲ್ಲ. ಮೊದಲ ಸಲ ಮಾಡಿದಾಗ, ಕಾರ್ಯಕ್ರಮ ನಿಂತ ಮೇಲೆ ಬಂಧನದ ಲೆಕ್ಕದಲ್ಲಿ ಆಗಿದ್ದ ಲಾಭ ಉಳಿಯಲಿಲ್ಲ. ಓದಿನಲ್ಲಿ ಆದ ಲಾಭ ಉಳಿಯಿತು. ಮುಖ ಓದುವ ಪಾಠವನ್ನೇ ಕೊಟ್ಟು ನೋಡಿದವರೂ ಇದ್ದಾರೆ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಅಪರಾಧ ಮಾಡಿ ಸಿಕ್ಕ ಹುಡುಗರಿಗೆ ಹೆದರಿಕೆ, ದುಃಖ, ಸಿಟ್ಟಿನ ಮುಖಗಳನ್ನು ಗುರುತಿಸೋದನ್ನು ಕಲಿಸಿದರು. ಆಮೇಲೆ ಅವರು ಮಾಡಿದ ಅಪರಾಧಗಳ ತೀವ್ರತೆ ಕಡಿಮೆಯಾಯ್ತು ಅಂತ 2015ರಲ್ಲಿ ಬರೆದರು. ಅದು ಸಣ್ಣ ಗುಂಪು. ಆದರೂ ದಾರಿ ಕಾಣುತ್ತೆ.

ಷಿಕಾಗೋದವರು ಇನ್ನೊಂದು ಮಾತು ಹೇಳಿದಾರೆ, ಅದು ನನಗೆ ಬಹಳ ಹಿಡಿಸಿತು. ಬಡ ಕೇರಿಯ ಬೀದಿಯಲ್ಲಿ ತಿರುಗಿ ಬೀಳದಿದ್ದವನನ್ನು ನಾಳೆ ಎಲ್ಲರೂ ಹೊಡೀತಾರೆ. ಅಲ್ಲಿ ತಿರುಗಿ ಬೀಳೋದು ಬುದ್ಧಿವಂತಿಕೆಯೇ. ಅದೇ ಅಭ್ಯಾಸ ತರಗತಿಯಲ್ಲಿ, 'ಸುಮ್ಮನೆ ಕೂತ್ಕೋ' ಅಂದ ಮೇಷ್ಟ್ರ ಮೇಲೆ ತಿರುಗಿದರೆ ನಷ್ಟ. ಹಂಗಾಗಿ ಹುಡುಗನಿಗೆ 'ಎಂದೂ ಹೊಡೀಬೇಡ' ಅಂತ ಕಲಿಸೋದಲ್ಲ. 'ನಿಲ್ಲು, ನೋಡು, ಇದು ಯಾವ ಜಾಗ?' ಅಂತ ಕಲಿಸೋದು.

ನಮ್ಮ ಕೈಯಲ್ಲಿ ಆಗುವಂಥದ್ದು

ಬೆಂಗಳೂರಿನ ನಿಮ್ಹಾನ್ಸ್‌ನವರು ಶಾಲೆಯ ಮೇಷ್ಟ್ರುಗಳಿಂದಲೇ ಜೀವನ ಕೌಶಲದ ಪಾಠ ಹೇಳಿಸಿ, ಅದರ ಫಲವನ್ನು 2010ರಲ್ಲಿ ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ 10 ಕೌಶಲಗಳಲ್ಲಿ ವಿಚಾರ ಮಾಡಿ ನೋಡೋದು, ಸಮಸ್ಯೆ ಬಿಡಿಸೋದು, ಇನ್ನೊಬ್ಬರ ಭಾವ ಅರಿಯೋದು, ತನ್ನ ಭಾವವನ್ನು ನಿಭಾಯಿಸೋದು ಎಲ್ಲ ಇವೆ. ಪಾಠ ಕೇಳಿದ ಮಕ್ಕಳು ಶಾಲೆಯ ಜೊತೆ, ಮೇಷ್ಟ್ರುಗಳ ಜೊತೆ ಹೊಂದಿಕೊಂಡಿದ್ದು ಚೆನ್ನಾಗಿತ್ತು. ಅಂದರೆ ಈ ಕೆಲಸಕ್ಕೆ ದೊಡ್ಡ ಡಾಕ್ಟರೇ ಬೇಕು ಅಂತಿಲ್ಲ. ಒಂದು ಹಾಸ್ಟೆಲಿನಲ್ಲಿ ಭಾನುವಾರ ಒಂದು ಗಂಟೆ ಸಾಕು. ಏನು ಮಾಡಬಹುದು ಹೇಳ್ತೀನಿ.

ಮೊದಲನೆಯದು, ಮಾತು ಕೊಡಿ. ನಮ್ಮ ಹುಡುಗನನ್ನು 'ಏನಾಯ್ತೋ' ಅಂತ ಕೇಳಿದರೆ 'ಸಿಟ್ಟು ಬಂತು' ಅಂತಾನೆ. ಎಲ್ಲದಕ್ಕೂ ಸಿಟ್ಟು. ಆದರೆ ನಮ್ಮ ಅವ್ವಂದಿರ ಬಾಯಲ್ಲಿ ಎಷ್ಟು ಮಾತುಗಳಿವೆ ನೋಡಿ. ದಿಗಿಲು, ಸಂಕಟ, ನಾಚಿಕೆ, ಹೊಟ್ಟೆಕಿಚ್ಚು, ಬೇಜಾರು, ರೋಷ, ಅವಮಾನ, ತಬ್ಬಲಿತನ. ಅಪ್ಪ ನೋಡೋಕೆ ಬರಲಿಲ್ಲ ಅಂತ ಆಗಿದ್ದು ಸಂಕಟ. ಓದೋಕೆ ಬರದೆ ಎಲ್ಲರೆದುರು ನಿಂತಾಗ ಆಗಿದ್ದು ನಾಚಿಕೆ. ಇವೆರಡೂ ಸಿಟ್ಟಿನ ಅಂಗಿ ಹಾಕಿಕೊಂಡು ಹೊರಗೆ ಬರುತ್ತವೆ. ಸರಿಯಾದ ಹೆಸರು ಸಿಕ್ಕರೆ ಅರ್ಧ ಭಾರ ಇಳಿಯುತ್ತೆ.

ಎರಡನೆಯದು, ಮೂರು ಪ್ರಶ್ನೆ ಕಲಿಸಿ. ನಾನು ಕಂಡದ್ದೇನು? ನಾನು ಅಂದುಕೊಂಡದ್ದೇನು? ಬೇರೆ ಏನಿರಬಹುದು? 'ಅವನು ನನ್ನ ನೋಡಿ ನಕ್ಕ.' ಕಂಡದ್ದು ನಗು. ನನ್ನನ್ನೇ ನೋಡಿ ನಕ್ಕ ಅನ್ನೋದು ಅಂದುಕೊಂಡದ್ದು. ಮುಖ ಒಂದನ್ನೇ ನೋಡಿ ಮನಸ್ಸನ್ನು ಖಚಿತವಾಗಿ ಹೇಳಲಿಕ್ಕಾಗೋದಿಲ್ಲ ಅಂತ 2019ರಲ್ಲಿ ಲೀಸಾ ಬ್ಯಾರೆಟ್ ಮತ್ತು ಜೊತೆಗಾರರು ಅಲ್ಲಿಯ ತನಕದ ಅಧ್ಯಯನಗಳನ್ನೆಲ್ಲ ಜಾಲಾಡಿ ಬರೆದಿದ್ದಾರೆ. ಹುಬ್ಬು ಗಂಟಿಕ್ಕಿದವನಿಗೆ ಸಿಟ್ಟು ಬಂದಿರಬಹುದು, ಬಿಸಿಲು ಹೊಡೆದಿರಬಹುದು, ಲೆಕ್ಕ ಬಾರದೆ ಇರಬಹುದು. ಕೇಳಿದರೆ ತಾನೇ ಗೊತ್ತಾಗೋದು?

ಮೂರನೆಯದು, ಹೊಡೆಯೋದು ನಿಲ್ಲಿಸಿ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಮಗುವಿಗೆ ಹೊಡೆಯೋದನ್ನೂ ಮನಸ್ಸಿಗೆ ಹಿಂಸೆ ಕೊಡೋದನ್ನೂ ನಿಷೇಧಿಸಿದೆ. ಮನೆಯಲ್ಲೂ ಅಷ್ಟೇ. ಏಟು ಕೊಟ್ಟು ಸಮಾಧಾನ ಕಲಿಸ್ತೀನಿ ಅನ್ನೋದು ಬೆಂಕಿ ಹಚ್ಚಿ ತಂಪು ಮಾಡ್ತೀನಿ ಅಂದ ಹಾಗೆ. ಒಂದೊಂದು ಏಟೂ ಆ ಮಗುವಿನ ಕಣ್ಣಿಗೆ 'ಲೋಕವೆಲ್ಲ ಹಗೆ' ಅನ್ನೋ ಪಾಠವನ್ನೇ ಮತ್ತೆ ಹೇಳಿಕೊಡುತ್ತೆ.

ನಾಲ್ಕನೆಯದು, ಡಾಕ್ಟರ ಹತ್ತಿರ ಹೋಗೋದಕ್ಕೆ ಹಿಂಜರೀಬೇಡಿ. ಮಗು ತನಗೋ ಬೇರೆಯವರಿಗೋ ಗಾಯ ಮಾಡ್ತಿದ್ದರೆ, ಪ್ರಾಣಿಗಳನ್ನು ಹಿಂಸಿಸ್ತಿದ್ದರೆ, ಬೆಂಕಿ ಹಚ್ಚುತ್ತಿದ್ದರೆ, ಮನೆ ಬಿಟ್ಟು ಓಡ್ತಿದ್ದರೆ ಕಾಯಬೇಡಿ. ಒಂದು ಕಡೆ ಕೂರಲಾರದ ತೊಂದರೆ, ಅಕ್ಷರ ಹಿಡಿಯಲಾಗದ ತೊಂದರೆ, ಮನಸ್ಸಿನ ಕುಗ್ಗುವಿಕೆ ಇವು ಎಷ್ಟೋ ಸಲ ಪುಂಡತನದ ಹಿಂದೆ ಅಡಗಿ ಕೂತಿರುತ್ತವೆ. ಕಿವಿ ಸರಿಯಾಗಿ ಕೇಳದ ಹುಡುಗನೂ 'ಮಾತು ಕೇಳದವನು' ಅನ್ನಿಸಿಕೊಳ್ಳುತ್ತಾನೆ. ಅದನ್ನೆಲ್ಲ ನೋಡಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಅಂತಲೇ ಸ್ನೇಹ ಕ್ಲಿನಿಕ್ ಇವೆ. ಟೆಲಿ ಮಾನಸ್ ಅಂತ 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ ಇದೆ, ನಂಬರು 14416. ಡಾಕ್ಟರು ಏನೇ ಹೆಸರು ಹೇಳಿದರೂ ಎರಡು ಪ್ರಶ್ನೆ ಕೇಳಿ ಬನ್ನಿ. ಯಾವ ಲಕ್ಷಣ ನೋಡಿ ಹೇಳಿದಿರಿ? ಮುಂದೆ ಏನು ಕಲಿಸಬೇಕು? ಹೆಸರು ಕೊಟ್ಟು ಕಲಿಕೆ ಕೊಡದವರ ಚೀಟಿ ನಮಗೆ ಬೇಡ.

ಇದು ಗುಲಾಮಗಿರಿಯ ಪಾಠವಾ?

ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲೇ ಕೇಳ್ತಾ ಇರಬಹುದು. 'ಸಾವಿರಾರು ವರ್ಷ ತಾಳ್ಮೆ ಕಲಿಸಿಯೇ ನಮ್ಮನ್ನು ಕೂರಿಸಿದರು. ಈಗ ಸಿಟ್ಟು ಮಾಡೋ ಒಂದು ತಲೆಮಾರು ಬಂದಿದೆ. ಅವರಿಗೂ ತಾಳ್ಮೆ ಕಲಿಸಬೇಕಾ?' ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹೇಳದೆ ನಾನು ಇಳಿಯೋದಿಲ್ಲ.

ಡಾಡ್ಜ್‌ನ ಆ ಪ್ರಯೋಗವನ್ನು ನೆನಪು ಮಾಡಿಕೊಳ್ಳಿ. ಬೇಕಂತಲೇ ಕೆಡಿಸಿದಾಗ ಎಲ್ಲ ಹುಡುಗರಿಗೂ ಸಿಟ್ಟು ಬಂತು ಅಂದೆ. ಅದು ಕಾಯಿಲೆ ಅಲ್ಲ. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟರೆ ಅದರಲ್ಲಿ 'ಬೇರೆ ಏನಿರಬಹುದು' ಅಂತ ಹುಡುಕುವ ಅಗತ್ಯ ಇಲ್ಲ. ಅದು ಅವಮಾನ, ಸ್ಪಷ್ಟವಾದ ಅವಮಾನ. ಸ್ಪಷ್ಟವಾದದ್ದನ್ನು ಸ್ಪಷ್ಟವಾಗಿ ಓದೋದೂ ಇದೇ ವಿದ್ಯೆಯ ಭಾಗ. ಗೆಳೆಯನ ನಗುವಿಗೂ ಜಾತಿವಾದಿಯ ನಗುವಿಗೂ ಒಂದೇ ಏಟು ಕೊಡುವವನು ಎರಡನ್ನೂ ಓದಿಲ್ಲ. ಅವನ ಸಿಟ್ಟು ಗೆಳೆಯನ ಮೇಲೆ ಖರ್ಚಾಗಿ, ಬೇಕಾದ ಕಡೆಗೆ ಉಳಿಯೋದೇ ಇಲ್ಲ. 1989ರ ದೌರ್ಜನ್ಯ ತಡೆ ಕಾಯಿದೆಯಲ್ಲಿ ದೂರು ಬರೆಯಬೇಕಾದರೆ ಏನು ಬೇಕು? ಯಾರು, ಯಾವ ಜಾಗ, ಎಷ್ಟು ಹೊತ್ತು, ಯಾವ ಮಾತು, ಯಾರು ನೋಡಿದರು. ಕಂಡದ್ದು ಬೇರೆ, ಅಂದುಕೊಂಡದ್ದು ಬೇರೆ ಅಂತ ಬಿಡಿಸಿ ಹೇಳಬಲ್ಲ ಹುಡುಗನ ದೂರನ್ನು ಕೋರ್ಟಿನಲ್ಲಿ ಅಲ್ಲಾಡಿಸೋದು ಕಷ್ಟ.

1927ರ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರು ಕೆರೆಯ ನೀರು ಮುಟ್ಟಿದರು. ಅವತ್ತೇ ಜಾತಿಹಿಂದೂಗಳು ಸಮ್ಮೇಳನಕ್ಕೆ ಬಂದವರ ಮೇಲೆ ಬಿದ್ದು ಹೊಡೆದರು. ನಮ್ಮವರ ರಕ್ತ ಕುದಿಯಿತು. ತಿರುಗಿ ಹೊಡೆಯೋಕೆ ಜನ ಸಿದ್ಧರಿದ್ದರು. ಬಾಬಾಸಾಹೇಬರು ತಡೆದರು, ಕಾನೂನಿನ ದಾರಿ ಹಿಡಿದರು. ಅವರಿಗೆ ಸಿಟ್ಟು ಇರಲಿಲ್ಲ ಅಂತ ಯಾರಾದರೂ ಹೇಳ್ತೀರಾ? ಅದೇ ವರ್ಷ ಡಿಸೆಂಬರ್ 25ರಂದು ಅದೇ ಮಹಾಡದಲ್ಲಿ ಮನುಸ್ಮೃತಿ ಸುಟ್ಟರು. ಸಿಟ್ಟನ್ನು ನುಂಗಲಿಲ್ಲ. ಅದು ಎಲ್ಲಿ ಬೀಳಬೇಕು ಅಂತ ತಾವೇ ಗೊತ್ತುಮಾಡಿದರು. ನಿಲ್ಲೋದು ಬಾಗೋದಲ್ಲ. ನಿಂತವನಿಗೆ ಮಾತ್ರ ಗುರಿ ಕಾಣುತ್ತೆ.

ನಮ್ಮ ಹುಡುಗರಿಗೆ, ಹುಡುಗಿಯರಿಗೆ ಕಲಿಸಬೇಕಾದದ್ದು ಇದು. ಅವರನ್ನು ಪುಂಡರು ಅಂತ ಊರು ಕರೆಯಲಿ, ಕಾಯಿಲೆಯವರು ಅಂತ ಪುಸ್ತಕ ಕರೆಯಲಿ, ಅವರಿಗೆ ಬೇಕಾದದ್ದು ಕಲಿಕೆ. ಕಲಿಕೆಯನ್ನು ನಮಗೆ ಯಾವತ್ತೂ ಯಾರೂ ತಾವಾಗಿ ಕೊಟ್ಟಿಲ್ಲ. ಈ ಭಾನುವಾರದಿಂದ ಇಲ್ಲಿ ವಾರಕ್ಕೊಂದು ಗಂಟೆ ಹುಡುಗರ ಜೊತೆ ಸುತ್ತ ಕೂರೋದಕ್ಕೆ ಯಾರು ಯಾರು ಸಿದ್ಧ, ಇಳಿದು ಹೋಗೋ ಮುಂಚೆ ಹೆಸರು ಕೊಟ್ಟು ಹೋಗಿ. ಒಂದು ಚೆಂಡು ಇದ್ದರೆ ಸಾಕು.

ಜೈ ಭೀಮ್.